ಹತ್ತು ಬೆರಳು, 1024 ಖಾನೆ: ಖಾನ್ ಬಹಾದ್ದೂರ್ ಖಾಜಿ ಅಜೀಜುಲ್ ಹಕ್

ಆಧಾರ್ ಮಾಡಿಸಲು, ಹೊಸ ಸಿಮ್ ತೆಗೆದುಕೊಳ್ಳಲು, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ನಾವು ಬೆರಳು ಒತ್ತುತ್ತೇವೆ. ಕಳ್ಳತನವಾದ ಮನೆಗೆ ಪೊಲೀಸರು ಬಂದರೆ ಮೊದಲು ಹುಡುಕುವುದೂ ಬೆರಳಿನ ಗುರುತನ್ನೇ. ಈ ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳ ಪೊಲೀಸರಿಗೆ ತಲುಪಿದ್ದು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಮೂಲಕ ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಓದಿರುತ್ತೀರಿ. ಸ್ಕಾಟ್ಲೆಂಡ್ ಯಾರ್ಡಿಗೆ ಅದು ಹೋದದ್ದು ಕಲ್ಕತ್ತೆಯಿಂದ. ಕಲ್ಕತ್ತೆಯಲ್ಲಿ ಅದರ ಲೆಕ್ಕವನ್ನು ಕಟ್ಟಿದವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿ ಪೊಲೀಸ್ ಇಲಾಖೆ ಸೇರಿದ ಒಬ್ಬ ಸಬ್ ಇನ್ಸ್‌ಪೆಕ್ಟರ್. ಅವರೇ ಖಾಜಿ ಅಜೀಜುಲ್ ಹಕ್. ಪೊಲೀಸ್ ತರಬೇತಿ ಪುಸ್ತಕಗಳಲ್ಲಿ ಈ ಪದ್ಧತಿಗೆ ಇಂದಿಗೂ ಇರುವ ಹೆಸರು ಮಾತ್ರ ‘ಹೆನ್ರಿ ಪದ್ಧತಿ’.

ಹಕ್ ಅವರು 1872ರಲ್ಲಿ ಬಂಗಾಳದ ಖುಲ್ನಾ ಪ್ರದೇಶದ ಫುಲ್ತಲಾ ಬಳಿಯ ಪೈಗ್ರಾಮ್ ಕಸ್ಬಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರೂ ದೋಣಿ ಅಪಘಾತದಲ್ಲಿ ತೀರಿಕೊಂಡರು. ಅಣ್ಣನ ಮನೆಯಲ್ಲಿ ಬೆಳೆದ ಹುಡುಗನಿಗೆ ಹಸಿವು ಹೆಚ್ಚು. ತನ್ನ ಪಾಲು ಮುಗಿಸಿ ಅಣ್ಣನ ತಟ್ಟೆಯ ಊಟವನ್ನೂ ತಿಂದಿದ್ದಕ್ಕೆ ಒಂದು ದಿನ ಅಣ್ಣ ಹೊಡೆದರಂತೆ. ಹನ್ನೆರಡರ ವಯಸ್ಸಿನ ಹುಡುಗ ಮನೆ ಬಿಟ್ಟು ಕಲ್ಕತ್ತೆ ಸೇರಿದ. ಇದು ಅವರ ಮನೆಯವರು ಹೇಳಿಕೊಂಡು ಬಂದ ಕಥೆ. ಕಲ್ಕತ್ತೆಯಲ್ಲಿ ಒಂದು ಕುಟುಂಬ ಅವನಿಗೆ ಆಶ್ರಯ ಕೊಟ್ಟಿತು. ಲೆಕ್ಕದಲ್ಲಿ ಅವನ ಚುರುಕು ನೋಡಿ ಆ ಮನೆಯವರೇ ಓದಿಸಿದರು. ಮುಂದೆ ಆ ಹುಡುಗ ಪ್ರೆಸಿಡೆನ್ಸಿ ಕಾಲೇಜು ಸೇರಿ ಗಣಿತ ಮತ್ತು ವಿಜ್ಞಾನ ಓದಿದ. ಅಂದಿನ ಬಂಗಾಳದಲ್ಲಿ ಅದಕ್ಕಿಂತ ದೊಡ್ಡ ಹೆಸರಿನ ಕಾಲೇಜು ಇರಲಿಲ್ಲ.

ಆಗ ಬಂಗಾಳ ಪೊಲೀಸ್ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು ಎಡ್ವರ್ಡ್ ಹೆನ್ರಿ. ಅವರ ತಲೆನೋವು ಇದು: ಒಂದು ಊರಿನಲ್ಲಿ ಶಿಕ್ಷೆ ಅನುಭವಿಸಿದ ಕಳ್ಳ ಇನ್ನೊಂದು ಊರಿನಲ್ಲಿ ಸಿಕ್ಕಿಬಿದ್ದಾಗ ಬೇರೆ ಹೆಸರು, ಬೇರೆ ತಂದೆಯ ಹೆಸರು, ಬೇರೆ ಊರು ಹೇಳುತ್ತಿದ್ದ. ಅವನು ಹಳೆಯ ಅಪರಾಧಿಯೋ ಮೊದಲ ಬಾರಿ ತಪ್ಪು ಮಾಡಿದವನೋ ತಿಳಿಯುವ ದಾರಿಯೇ ಇರಲಿಲ್ಲ. ಇದಕ್ಕೆ ವಿರುದ್ಧವಾದ ಅಪಾಯವೂ ಇತ್ತು. ಯಾರದೋ ಮುಖ ಹೋಲುತ್ತದೆ ಎಂದು ಸಾಕ್ಷಿ ಹೇಳಿದರೆ ನಿರಪರಾಧಿ ಜೈಲಿಗೆ ಹೋಗಬೇಕಾಗುತ್ತಿತ್ತು. ಲಂಡನ್ನಿನಲ್ಲೇ ಅಡಾಲ್ಫ್ ಬೆಕ್ ಎಂಬಾತನನ್ನು ಬೇರೊಬ್ಬ ಮೋಸಗಾರನೆಂದು ತಪ್ಪಾಗಿ ಗುರುತಿಸಿ 1896ರಲ್ಲಿ ಒಮ್ಮೆ, 1904ರಲ್ಲಿ ಮತ್ತೊಮ್ಮೆ ಅಪರಾಧಿ ಎಂದು ತೀರ್ಮಾನಿಸಿದ್ದರು. ನಿಜವಾದ ಮೋಸಗಾರ ಸಿಕ್ಕಿದ ಮೇಲೆ ಅವನನ್ನು ಬಿಟ್ಟರು. ಆ ಹೊತ್ತಿಗೆ ಅವನ ಬಾಳಿನ ಎಷ್ಟೋ ವರ್ಷಗಳು ಜೈಲಿನಲ್ಲಿ ಕಳೆದುಹೋಗಿದ್ದವು.

ಆ ಕಾಲದಲ್ಲಿ ಯುರೋಪಿನ ಪೊಲೀಸರು ನಂಬಿದ್ದು ಪ್ಯಾರಿಸ್ಸಿನ ಆಲ್ಫೋನ್ಸ್ ಬರ್ಟಿಯೋನ್ ಕಂಡುಹಿಡಿದ ದೇಹದ ಅಳತೆಯ ಪದ್ಧತಿಯನ್ನು. ಬರ್ಟಿಯೋನ್ ಪೊಲೀಸ್ ಕಚೇರಿಯ ಒಬ್ಬ ಗುಮಾಸ್ತ. ತಲೆಯ ಉದ್ದ, ತಲೆಯ ಅಗಲ, ಮಧ್ಯದ ಬೆರಳು, ಪಾದ, ಮೊಣಕೈಯಿಂದ ಬೆರಳ ತುದಿ ಹೀಗೆ ಹನ್ನೊಂದು ಅಳತೆ ತೆಗೆದುಕೊಂಡರೆ ಇಬ್ಬರು ವ್ಯಕ್ತಿಗಳ ಅಳತೆ ಪೂರ್ತಿ ಒಂದೇ ಆಗಿರುವುದಿಲ್ಲ ಎಂಬುದು ಅವರ ವಾದ. ಹೆನ್ರಿ ಬಂಗಾಳದಲ್ಲಿ ಇದನ್ನೇ ಕೆಲವು ಅಳತೆ ಕಡಿಮೆ ಮಾಡಿ ಜಾರಿಗೆ ತರಲು ಹೊರಟರು. ಅಂಕಿಗಳನ್ನು ಸಂಭಾಳಿಸಲು ಲೆಕ್ಕ ಬಲ್ಲವರು ಬೇಕಿತ್ತು. 1892ರಲ್ಲಿ ಅವರು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆದು ಸಂಖ್ಯಾಶಾಸ್ತ್ರದಲ್ಲಿ ಗಟ್ಟಿಯಾದ ಒಬ್ಬ ವಿದ್ಯಾರ್ಥಿಯನ್ನು ಸೂಚಿಸಲು ಕೇಳಿದರು. ಪ್ರಾಂಶುಪಾಲರು ಸೂಚಿಸಿದ್ದು ಇಪ್ಪತ್ತರ ಹರೆಯದ ಹಕ್ ಅವರನ್ನು. ಹೆನ್ರಿ ಅವರನ್ನು ಸಬ್ ಇನ್ಸ್‌ಪೆಕ್ಟರ್ ಆಗಿ ನೇಮಿಸಿಕೊಂಡರು.

ನನಗೆ ಈ ಪತ್ರವೇ ಇಡೀ ಕಥೆಯ ಮುಖ್ಯ ತಿರುವು ಎನಿಸುತ್ತದೆ. ಪೊಲೀಸ್ ಇಲಾಖೆ ಎಂದರೆ ಎತ್ತರ, ಎದೆಯಳತೆ, ಓಟ ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಇಲಾಖೆ ಕಾಲೇಜಿನ ಬಾಗಿಲು ತಟ್ಟಿ ಲೆಕ್ಕದ ವಿದ್ಯಾರ್ಥಿಯನ್ನು ಕೇಳಿತು.

ಅಳತೆಯ ಪದ್ಧತಿ ಹಕ್ ಅವರಿಗೆ ಬೇಗನೆ ಬೇಸರ ತಂದಿತು. ಒಬ್ಬನೇ ಕೈದಿಯನ್ನು ಇಬ್ಬರು ಸಿಬ್ಬಂದಿ ಅಳೆದರೆ ಎರಡು ಬೇರೆ ಅಂಕಿ ಬರುತ್ತಿತ್ತು. ಕ್ಯಾಲಿಪರನ್ನು ಒಬ್ಬ ಬಿಗಿಯಾಗಿ ಒತ್ತಿದರೆ ಇನ್ನೊಬ್ಬ ಸಡಿಲವಾಗಿ ಹಿಡಿಯುತ್ತಿದ್ದ. ಬೆಳೆಯುವ ಹುಡುಗರ ಅಳತೆ ವರ್ಷ ವರ್ಷಕ್ಕೆ ಬದಲಾಗುತ್ತಿತ್ತು. ಅಂಕಿ ಒಂದು ಚೂರು ತಪ್ಪಿದರೂ ಆ ಮನುಷ್ಯನ ಕಾರ್ಡು ಬೇರೆ ಖಾನೆಗೆ ಹೋಗಿ ಸೇರುತ್ತಿತ್ತು, ಆಮೇಲೆ ಹುಡುಕಿದರೂ ಸಿಗುತ್ತಿರಲಿಲ್ಲ. ಲೆಡ್ಜರಿನಲ್ಲಿ ತಪ್ಪು ಪುಟಕ್ಕೆ ಎಂಟ್ರಿ ಹಾಕಿದರೆ ಏನಾಗುತ್ತದೆ ಎಂದು ವಾಣಿಜ್ಯ ವಿಭಾಗದವರಿಗೆ ಹೇಳಬೇಕಾಗಿಲ್ಲ.

ಬೆರಳಿನ ಗೆರೆಗಳ ವಿಷಯ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಅದು ಹಲವು ದೇಶಗಳಲ್ಲಿ ಬಿಡಿ ಬಿಡಿಯಾಗಿ ನಡೆಯುತ್ತಿತ್ತು. ಬಂಗಾಳದಲ್ಲೇ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಲ್ಲಿ ಜಂಗೀಪುರದಲ್ಲಿ ರಸ್ತೆ ಸಾಮಗ್ರಿ ಪೂರೈಸುವ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರರಿಂದ ಕರಾರು ಪತ್ರದ ಮೇಲೆ ಇಡೀ ಅಂಗೈಯ ಮುದ್ರೆ ಹಾಕಿಸಿಕೊಂಡಿದ್ದರು. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿ ಕೊಡಲು, ದಸ್ತಾವೇಜು ನೋಂದಣಿಗೆ, ಜೈಲಿನಲ್ಲಿ ಬೆರಳು ಮುದ್ರೆ ಬಳಸಿದರು. ಜಪಾನಿನ ಟೋಕಿಯೋದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್ 1880ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಗೆ ಬರೆದು, ಅಪರಾಧಿಗಳನ್ನು ಬೆರಳ ಗುರುತಿನಿಂದ ಪತ್ತೆ ಮಾಡಬಹುದು ಎಂದರು. ಮುಂದಿನ ತಿಂಗಳೇ ಹರ್ಷೆಲ್ ಅದೇ ಪತ್ರಿಕೆಗೆ ತಮ್ಮ ಬಂಗಾಳದ ಅನುಭವ ಬರೆದರು. ಲಂಡನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಹರ್ಷೆಲ್ ಕೊಟ್ಟ ಹಳೆಯ ಮುದ್ರೆಗಳನ್ನು ಹೊಸ ಮುದ್ರೆಗಳ ಜೊತೆ ಇಟ್ಟು ನೋಡಿ, ವರ್ಷಗಳು ಕಳೆದರೂ ಗೆರೆಗಳು ಬದಲಾಗುವುದಿಲ್ಲ ಎಂದು ತೋರಿಸಿದರು. 1892ರಲ್ಲಿ ಅವರ ಪುಸ್ತಕ ಬಂತು. ಗಾಲ್ಟನ್ ಬಗ್ಗೆ ಫ್ರೆಂಚ್ ಪತ್ರಿಕೆಯೊಂದರಲ್ಲಿ ಬಂದ ಲೇಖನ ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ಹುವಾನ್ ವುಚೆಟಿಚ್ ಎಂಬ ಪೊಲೀಸ್ ನೌಕರರ ಕೈಗೆ ಸಿಕ್ಕಿತು. ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. 1892ರಲ್ಲೇ ಅಲ್ಲಿ ಬಾಗಿಲ ಮೇಲಿನ ರಕ್ತದ ಹೆಬ್ಬೆರಳ ಗುರುತಿನಿಂದ ಒಂದು ಕೊಲೆ ಪ್ರಕರಣ ಬಯಲಾಯಿತು. ಆದ್ದರಿಂದ ಬೆರಳು ಮುದ್ರೆಯ ವಿದ್ಯೆ ಪೂರ್ತಿ ನಮ್ಮದೇ ಎಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ಬಂಗಾಳ, ಟೋಕಿಯೋ, ಲಂಡನ್, ಪ್ಯಾರಿಸ್, ಅರ್ಜೆಂಟೀನಾ ಎಲ್ಲವೂ ಸೇರಿ ಆದ ಕೆಲಸ ಇದು. ಜೋಡಿಸಿದ್ದು ಅಂಚೆ ಮತ್ತು ಪತ್ರಿಕೆಗಳು.

ಹೆನ್ರಿ ಗಾಲ್ಟನ್ ಅವರೊಡನೆ ಪತ್ರ ವ್ಯವಹಾರ ನಡೆಸಿದರು. 1894ರಲ್ಲಿ ಇಂಗ್ಲೆಂಡಿಗೆ ರಜೆಯ ಮೇಲೆ ಹೋದಾಗ ಗಾಲ್ಟನ್‌ರ ಪ್ರಯೋಗಾಲಯಕ್ಕೂ ಹೋದರು. ಗಾಲ್ಟನ್ ತಮ್ಮಲ್ಲಿದ್ದ ಸಾಮಗ್ರಿಯನ್ನೆಲ್ಲ ತೆರೆದು ತೋರಿಸಿದರು. ಕಲ್ಕತ್ತೆಗೆ ಮರಳಿದ ಹೆನ್ರಿ 1896ರ ಆರಂಭದಲ್ಲಿ, ಇನ್ನು ಮುಂದೆ ಕೈದಿಗಳ ಅಳತೆಯ ಜೊತೆಗೆ ಹತ್ತೂ ಬೆರಳುಗಳ ಮುದ್ರೆ ತೆಗೆಯಬೇಕು ಎಂದು ಆದೇಶಿಸಿದರು.

ಆದರೆ ದೊಡ್ಡ ಕಷ್ಟ ಒಂದು ಉಳಿದಿತ್ತು. ಮುದ್ರೆ ತೆಗೆಯುವುದು ಸುಲಭ. ಶಾಯಿ ಬೇಕು, ಕಾಗದ ಬೇಕು. ಸಾವಿರಾರು ಚೀಟಿಗಳು ಸೇರಿದ ಮೇಲೆ ಬೇಕಾದ ಒಂದು ಚೀಟಿಯನ್ನು ಹುಡುಕುವುದು ಹೇಗೆ? ಕೈದಿ ತನ್ನ ಹೆಸರನ್ನೇ ಸುಳ್ಳು ಹೇಳುತ್ತಾನೆ, ಆದ್ದರಿಂದ ಹೆಸರಿನ ಅಕ್ಷರ ಕ್ರಮದಲ್ಲಿ ಇಡುವಂತಿಲ್ಲ. ಗಾಲ್ಟನ್ ಅವರಿಗೇ ಇದಕ್ಕೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. 1894ರಲ್ಲಿ ಬ್ರಿಟಿಷ್ ಸರ್ಕಾರದ ಒಂದು ಸಮಿತಿ ಬೆರಳು ಮುದ್ರೆಯನ್ನು ಬಹಳ ಮೆಚ್ಚಿಕೊಂಡರೂ ವಿಂಗಡಣೆಯ ತೊಂದರೆಯಿಂದಾಗಿ ಬರ್ಟಿಯೋನ್ ಅಳತೆಯನ್ನು ಕೈಬಿಡಲಿಲ್ಲ. ಇಡೀ ವಿದ್ಯೆ ಫೈಲಿಂಗ್ ಗೊತ್ತಿಲ್ಲದೆ ನಿಂತುಹೋಗಿತ್ತು ಎಂದರೆ ತಪ್ಪಿಲ್ಲ.

ಹಕ್ ಅವರು ಬಿಡಿಸಿದ್ದು ಈ ಗಂಟನ್ನು. ಸಂಖ್ಯಾಶಾಸ್ತ್ರ ಓದುವವರು ಒಂದು ಪೆನ್ನು ಹಿಡಿದು ಕುಳಿತರೆ ಇದು ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಬೆರಳಿನ ಗೆರೆಗಳು ಮುಖ್ಯವಾಗಿ ಮೂರು ಆಕಾರದಲ್ಲಿ ಇರುತ್ತವೆ: ಕಮಾನು, ಕುಣಿಕೆ, ಸುಳಿ. ಕುಣಿಕೆ ಎಲ್ಲಕ್ಕಿಂತ ಹೆಚ್ಚು, ನೂರಕ್ಕೆ ಅರವತ್ತಕ್ಕಿಂತ ಮೇಲೆ. ಸುಳಿ ಸುಮಾರು ಮೂವತ್ತು. ಕಮಾನು ಐದರಷ್ಟು. ಈಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಬೆರಳಲ್ಲಿ ಸುಳಿ ಇದೆಯೋ ಇಲ್ಲವೋ? ಪ್ರತಿ ಬೆರಳಿಗೆ ಎರಡೇ ಉತ್ತರ. ಹತ್ತು ಬೆರಳಿಗೆ ಎರಡನ್ನು ಹತ್ತು ಸಲ ಗುಣಿಸಿದರೆ 1024. ಅದು ಮೂವತ್ತೆರಡರ ವರ್ಗ. ಅಂದರೆ ಅಡ್ಡಕ್ಕೆ 32, ಉದ್ದಕ್ಕೆ 32 ಖಾನೆಗಳ ಒಂದು ಬೀರು ಮಾಡಿಸಿದರೆ ಪ್ರಪಂಚದ ಯಾವ ಮನುಷ್ಯನ ಚೀಟಿಗೂ ಅದರಲ್ಲಿ ಒಂದು ಖಾನೆ ಇರುತ್ತದೆ.

ಖಾನೆಯ ನಂಬರು ತೆಗೆಯುವ ವಿಧಾನ ಇನ್ನೂ ಚೆನ್ನಾಗಿದೆ. ಬಲಗೈ ಹೆಬ್ಬೆರಳಿನಿಂದ ಬಲಗೈ ಕಿರುಬೆರಳಿನವರೆಗೆ 1ರಿಂದ 5, ಎಡಗೈ ಹೆಬ್ಬೆರಳಿನಿಂದ ಎಡಗೈ ಕಿರುಬೆರಳಿನವರೆಗೆ 6ರಿಂದ 10 ಎಂದು ಎಣಿಸಬೇಕು. ಎರಡೆರಡು ಬೆರಳಿನ ಐದು ಜೋಡಿ ಮಾಡಬೇಕು. ಮೊದಲ ಜೋಡಿಯಲ್ಲಿ ಸುಳಿ ಇದ್ದರೆ ಬೆಲೆ 16, ಎರಡನೆಯದರಲ್ಲಿ 8, ಆಮೇಲೆ 4, 2, 1. ಸುಳಿ ಇಲ್ಲದ ಬೆರಳಿಗೆ ಸೊನ್ನೆ. ಸಮ ಸಂಖ್ಯೆಯ ಬೆರಳುಗಳ ಬೆಲೆ ಕೂಡಿಸಿ ಮೇಲೆ ಬರೆಯಬೇಕು, ಬೆಸ ಸಂಖ್ಯೆಯವನ್ನು ಕೂಡಿಸಿ ಕೆಳಗೆ. ಎರಡಕ್ಕೂ ಒಂದು ಸೇರಿಸಬೇಕು, ಹಾಗಾಗಿ ಖಾನೆಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದಿಲ್ಲ. ಉದಾಹರಣೆಗೆ ಒಬ್ಬನ ಬಲಗೈ ತೋರುಬೆರಳು (2), ಬಲಗೈ ಉಂಗುರ ಬೆರಳು (4) ಮತ್ತು ಎಡಗೈ ತೋರುಬೆರಳಲ್ಲಿ (7) ಮಾತ್ರ ಸುಳಿ ಇದೆ ಎನ್ನೋಣ. ಮೇಲೆ 16, 8, ಮತ್ತೆ ಒಂದು ಸೇರಿ 25. ಕೆಳಗೆ 2, ಒಂದು ಸೇರಿ 3. ಅವನ ಚೀಟಿ 25/3 ಖಾನೆಯಲ್ಲಿ ಇರುತ್ತದೆ. ಅವನು ಹೆಸರು ರಾಮ ಎನ್ನಲಿ, ರಹೀಮ ಎನ್ನಲಿ, ಊರು ಢಾಕಾ ಎನ್ನಲಿ, ಪಟ್ನಾ ಎನ್ನಲಿ, ಗುಮಾಸ್ತ ಬೆರಳು ನೋಡಿ ಲೆಕ್ಕ ಹಾಕಿ ನೇರವಾಗಿ 25/3ಕ್ಕೆ ಕೈ ಹಾಕುತ್ತಾನೆ.

ಎಲ್ಲ ಖಾನೆಗಳೂ ಸಮನಾಗಿ ತುಂಬುವುದಿಲ್ಲ ಎಂಬುದೂ ಸತ್ಯ. ಒಂದು ಬೆರಳಲ್ಲೂ ಸುಳಿ ಇಲ್ಲದವರೆಲ್ಲ 1/1ರಲ್ಲಿ ಬಂದು ಬೀಳುತ್ತಾರೆ. ಅದಕ್ಕಾಗಿ ಕುಣಿಕೆ ಯಾವ ಕಡೆ ವಾಲಿದೆ, ನಡುವೆ ಎಷ್ಟು ಗೆರೆ ಇವೆ ಎಂದು ಎಣಿಸಿ ಒಳವಿಭಾಗ ಮಾಡುತ್ತಿದ್ದರು. 1897ರ ಹೊತ್ತಿಗೆ ಹಕ್ ಅವರ ಬೀರುವಿನಲ್ಲಿ 7,000 ಚೀಟಿಗಳು ಕುಳಿತಿದ್ದವು. ಇದೇ ಕಚೇರಿಯಲ್ಲಿದ್ದ ಹೇಮಚಂದ್ರ ಬೋಸ್ ಅವರ ಪಾಲೂ ದೊಡ್ಡದು. ಬೆರಳು ಮುದ್ರೆಯ ವಿವರವನ್ನು ತಂತಿಯಲ್ಲಿ ಕಳುಹಿಸಲು ಬೇಕಾದ ಸಂಕೇತಗಳನ್ನು ಮಾಡಿದವರು ಅವರು. ಅಂದರೆ ಚೀಟಿ ಕಳುಹಿಸದೆಯೇ ಒಂದು ಊರಿನ ಪೊಲೀಸರು ಇನ್ನೊಂದು ಊರಿನವರನ್ನು ವಿಚಾರಿಸಬಹುದಾಯಿತು.

ಬೆರಳಿನ ಗೆರೆ ಬದಲಾಗುವುದಿಲ್ಲ ಎಂದೆ, ಆದರೆ ಸವೆಯುತ್ತದೆ. ನಮ್ಮ ದಾದಿ ನಲವತ್ತು ವರ್ಷ ಬೀಡಿ ಕಟ್ಟಿದವರು. ರೇಷನ್ ಅಂಗಡಿಯ ಯಂತ್ರ ಅವರ ಬೆರಳನ್ನು ಮೂರು ನಾಲ್ಕು ಸಲ ಒತ್ತಿದರೂ ಒಪ್ಪುವುದಿಲ್ಲ. ಬಂಗಾಳದ ಜೈಲುಗಳಲ್ಲಿ ಕಲ್ಲು ಒಡೆದವರ, ಗದ್ದೆಯಲ್ಲಿ ದುಡಿದವರ ಬೆರಳುಗಳನ್ನು ನೋಡಿ ನೋಡಿ ಈ ಪದ್ಧತಿ ತಯಾರಾಯಿತು ಎಂಬುದನ್ನು ನೆನೆದರೆ ಆ ಗುಮಾಸ್ತರ ಕಣ್ಣಿಗೆ ಮೆಚ್ಚಲೇಬೇಕು. ಇನ್ನೊಂದು ಮಾತು. ಕನ್ನಡದಲ್ಲಿ ಓದು ಬರಹ ಬಾರದವರನ್ನು ‘ಹೆಬ್ಬೆಟ್ಟು’ ಎಂದು ಹೀಗಳೆಯುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲೂ ಅದೇ, ‘ಅಂಗೂಠಾ ಛಾಪ್’. ಸಹಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ಹೆಬ್ಬೆಟ್ಟನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ ಎಂದು ತಿಳಿದ ಮೇಲೂ ಈ ಬೈಗುಳ ಏಕೆ ಉಳಿದಿದೆಯೋ.

ಹೊಸ ಪದ್ಧತಿ ಚೆನ್ನಾಗಿದೆ ಎಂದು ಪೊಲೀಸರೇ ಹೇಳಿಕೊಂಡರೆ ಸಾಲದು. ಪರೀಕ್ಷಿಸಲು ಸರ್ಕಾರ ಒಂದು ಸಮಿತಿ ಮಾಡಿತು. ಅದರಲ್ಲಿದ್ದವರು ಭಾರತದ ಸರ್ವೇಯರ್ ಜನರಲ್ ಚಾರ್ಲ್ಸ್ ಸ್ಟ್ರಾಹನ್ ಮತ್ತು ಪ್ರೆಸಿಡೆನ್ಸಿ ಕಾಲೇಜಿನ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಪೆಡ್ಲರ್. ಇಬ್ಬರೂ ಪೊಲೀಸರಲ್ಲ. ಭೂಮಿ ಅಳೆಯುವವರೊಬ್ಬರು, ಪಾಠ ಹೇಳುವವರೊಬ್ಬರು ಚೀಟಿಗಳನ್ನು ಹುಡುಕಿಸಿ ನೋಡಿ, ಅಳತೆಯ ಪದ್ಧತಿಗಿಂತ ಇದೇ ಉತ್ತಮ ಎಂದು ವರದಿ ಕೊಟ್ಟರು. 1897ರ ಜೂನ್‌ನಲ್ಲಿ ಗವರ್ನರ್ ಜನರಲ್ ಅದನ್ನು ಒಪ್ಪಿದರು. ಕಲ್ಕತ್ತೆಯಲ್ಲಿ ಬೆರಳು ಮುದ್ರೆ ಕಚೇರಿ ಶುರುವಾಯಿತು.

ಮೊದಲ ದೊಡ್ಡ ಪರೀಕ್ಷೆ ಬೇಗನೆ ಬಂತು. ಜಲಪಾಯಿಗುರಿ ಜಿಲ್ಲೆಯ ಒಂದು ಚಹಾ ತೋಟದ ಮ್ಯಾನೇಜರ್ ಕೊಲೆಯಾಗಿ ಹಣ ಕಳುವಾಗಿತ್ತು. ಸ್ಥಳದಲ್ಲಿ ಸಿಕ್ಕ ಒಂದು ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಕಲೆ ಇತ್ತು. ಕಲ್ಕತ್ತೆಯ ಕಚೇರಿಯಲ್ಲಿ ಹುಡುಕಿದಾಗ ಅದು ಹಿಂದೆ ಅದೇ ಮ್ಯಾನೇಜರ್ ಬಳಿ ಕೆಲಸಕ್ಕಿದ್ದು ಕಳ್ಳತನಕ್ಕಾಗಿ ಜೈಲಿಗೆ ಹೋಗಿದ್ದ ಕಾಂಗಾಲಿ ಚರಣ್ ಎಂಬಾತನ ಬಲಗೈ ಹೆಬ್ಬೆರಳಿಗೆ ಹೊಂದಿತು. 1898ರಲ್ಲಿ ನ್ಯಾಯಾಲಯ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಪಂಚಾಂಗ ಮುಟ್ಟಿದ ಎಂಬುದಕ್ಕೆ ಸಾಕ್ಷಿ ಇದೆ, ಕೊಂದ ಎಂಬುದಕ್ಕೆ ಇಲ್ಲ. ಗಲ್ಲು ಶಿಕ್ಷೆಯ ಪ್ರಶ್ನೆ ಇದ್ದಾಗ ಒಂದು ಹೊಸ ವಿದ್ಯೆ ಎಷ್ಟು ಹೇಳಬಲ್ಲದೋ ಅಷ್ಟನ್ನೇ ನಂಬಿದ ಆ ತೀರ್ಪು ನನಗೆ ಬಹಳ ಇಷ್ಟವಾಯಿತು. ಮರುವರ್ಷ, 1899ರಲ್ಲಿ, ಭಾರತದ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ತಂದು ಬೆರಳು ಮುದ್ರೆ ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯದಲ್ಲಿ ಸೇರಿಸಿದರು.

ಇನ್ನು ಕಥೆ ಹಡಗು ಹತ್ತುತ್ತದೆ, ಹಕ್ ಅವರು ಹತ್ತುವುದಿಲ್ಲ. 1900ರಲ್ಲಿ ಹೆನ್ರಿ ಲಂಡನ್ನಿನ ಸರ್ಕಾರಿ ಸಮಿತಿಯ ಮುಂದೆ ಈ ಪದ್ಧತಿಯನ್ನು ವಿವರಿಸಿದರು. ಅದೇ ವರ್ಷ ಬೆರಳು ಮುದ್ರೆಯ ವಿಂಗಡಣೆಯ ಬಗ್ಗೆ ಅವರ ಪುಸ್ತಕ ಬಂತು. ಲೇಖಕರಾಗಿ ಹೆನ್ರಿ ಒಬ್ಬರದೇ ಹೆಸರು. 1901ರಲ್ಲಿ ಅವರು ಸ್ಕಾಟ್ಲೆಂಡ್ ಯಾರ್ಡಿಗೆ ಹಿರಿಯ ಅಧಿಕಾರಿಯಾಗಿ ಹೋದರು. ಆ ಜುಲೈನಲ್ಲಿ ಅಲ್ಲಿ ಬೆರಳು ಮುದ್ರೆ ವಿಭಾಗ ತೆರೆಯಿತು. 1903ರಲ್ಲಿ ಅವರು ಲಂಡನ್ ಪೊಲೀಸ್ ಕಮಿಷನರ್ ಆದರು. ಹೆನ್ರಿಗೆ ರೈಲಿನಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಈ ಉಪಾಯ ಹೊಳೆಯಿತು, ಕಾಗದ ಇಲ್ಲದೆ ಅಂಗಿಯ ತೋಳಿನ ಪಟ್ಟಿಯ ಮೇಲೆ ಬರೆದುಕೊಂಡರು ಎಂಬ ಕಥೆಯೂ ಹುಟ್ಟಿಕೊಂಡಿತು. ಬೀರು ತುಂಬಿಸಿದವರ ಮಾತು ಆ ಕಥೆಯಲ್ಲಿ ಇಲ್ಲ.

ಪದ್ಧತಿ ಮಾತ್ರ ದೇಶ ದೇಶ ಸುತ್ತಿತು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವ ಮೇಳಕ್ಕೆ ಬ್ರಿಟನ್ನಿನ ವಸ್ತುಗಳ ಕಾವಲಿಗೆಂದು ಬಂದ ಸ್ಕಾಟ್ಲೆಂಡ್ ಯಾರ್ಡಿನ ಜಾನ್ ಫೆರಿಯರ್ ಅಲ್ಲಿನ ಪೊಲೀಸರಿಗೆ ಇದನ್ನು ಹೇಳಿಕೊಟ್ಟರು. ಹಾಗೆ ಕಲ್ಕತ್ತೆಯ ಲೆಕ್ಕ ಅಮೆರಿಕ ತಲುಪಿತು. 1909ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯ ಅಪರಾಧ ಪತ್ತೆಯನ್ನು ಒಂದು ಶಾಸ್ತ್ರವಾಗಿ ಕಲಿಸುವ ಸಂಸ್ಥೆ ತೆರೆಯಿತು. 1914ರಲ್ಲಿ ಮೊನಾಕೋದಲ್ಲಿ 24 ದೇಶಗಳ ಪೊಲೀಸರು, ವಕೀಲರು, ನ್ಯಾಯಾಧೀಶರು ಸೇರಿ ಗುರುತು ಹಿಡಿಯುವ ವಿಧಾನ, ಒಟ್ಟು ದಾಖಲೆ ಇಡುವುದು ಇವನ್ನೆಲ್ಲ ಚರ್ಚಿಸಿದರು. ಅದರ ಮುಂದುವರಿಕೆಯಾಗಿ 1923ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಸಂಸ್ಥೆಯೇ ಇಂದಿನ ಇಂಟರ್‌ಪೋಲ್.

ಈ ಪ್ರಯಾಣದಲ್ಲಿ ಒಳ್ಳೆಯದಷ್ಟೇ ಇರಲಿಲ್ಲ. ಹೆನ್ರಿ ಲಂಡನ್ನಿಗೆ ಹೋಗುವ ಮೊದಲು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಪೊಲೀಸ್ ವ್ಯವಸ್ಥೆಯನ್ನು ಕಟ್ಟಲು ಹೋಗಿದ್ದರು. 1906ರಲ್ಲಿ ಅದೇ ಟ್ರಾನ್ಸ್‌ವಾಲ್ ಪ್ರಾಂತದಲ್ಲಿ ಭಾರತೀಯರೆಲ್ಲ ಹತ್ತು ಬೆರಳಿನ ಮುದ್ರೆ ಕೊಟ್ಟು ನೋಂದಣಿ ಮಾಡಿಸಬೇಕೆಂಬ ಕಾನೂನು ಬಂತು. ಅದನ್ನು ವಿರೋಧಿಸಿಯೇ ಗಾಂಧೀಜಿಯವರ ಸತ್ಯಾಗ್ರಹ ಶುರುವಾದದ್ದು. ಹತ್ತು ಬೆರಳಿನ ಮುದ್ರೆಯನ್ನು ಕಾನೂನಿನ ಪ್ರಕಾರ ಅಪರಾಧಿಗಳಿಂದ ಮಾತ್ರ ತೆಗೆಯುತ್ತಾರೆ ಎಂಬುದು ಹೆನ್ರಿ ಅವರ ಪುಸ್ತಕದಿಂದ ತಮಗೆ ತಿಳಿಯಿತು ಎಂದು ಗಾಂಧೀಜಿ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಬಗೆಗಿನ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಕಳ್ಳನನ್ನು ಗುರುತಿಸಲು ಮಾಡಿದ ಬೀರು ಇಡೀ ಒಂದು ಜನಾಂಗವನ್ನು ಕಳ್ಳರಂತೆ ಕಾಣಲೂ ಬಳಕೆಯಾಯಿತು. ಲೆಕ್ಕ ಕಟ್ಟಿದವರ ಮೇಲೆ ಇದರ ಹೊಣೆ ಹಾಕಲು ನನಗೆ ಮನಸ್ಸಿಲ್ಲ, ಆದರೆ ಹೇಳದೆ ಬಿಟ್ಟರೆ ಜೀವನ ಚರಿತ್ರೆ ಪೂರ್ತಿಯಾಗುವುದಿಲ್ಲ.

ಹಕ್ ಅವರು ಪೊಲೀಸ್ ಕೆಲಸದಲ್ಲೇ ಮುಂದುವರಿದರು. 1912ರಲ್ಲಿ ಬಿಹಾರ ಬಂಗಾಳದಿಂದ ಬೇರೆಯಾದಾಗ ಬಿಹಾರ ಪೊಲೀಸ್ ಸೇವೆಯನ್ನು ಆರಿಸಿಕೊಂಡರು. 1913ರಲ್ಲಿ ಖಾನ್ ಸಾಹೇಬ್, 1924ರಲ್ಲಿ ಖಾನ್ ಬಹಾದ್ದೂರ್ ಬಿರುದು ಬಂತು. ಬಿರುದಿನಿಂದ ಅವರಿಗೆ ಸಮಾಧಾನವಾಗಲಿಲ್ಲ. ಪದ್ಧತಿಯನ್ನು ಕಟ್ಟಿದ್ದರಲ್ಲಿ ತಮ್ಮ ಪಾಲನ್ನು ಗುರುತಿಸಿ ಸೂಕ್ತ ಗೌರವಧನ ಕೊಡಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಉರ್ದುವಿನಲ್ಲಿ ‘ಹಕ್’ ಎಂದರೆ ಸತ್ಯ ಎಂದೂ ಅರ್ಥ, ನ್ಯಾಯವಾಗಿ ಸಲ್ಲಬೇಕಾದದ್ದು ಎಂದೂ ಅರ್ಥ. ಕನ್ನಡದ ‘ಹಕ್ಕು’ ಬಂದದ್ದೂ ಅಲ್ಲಿಂದಲೇ. ಐವತ್ತು ದಾಟಿದ ಮೇಲೆ ಆ ಹೆಸರಿನ ಮನುಷ್ಯ ತನ್ನ ಹಕ್ಕು ಕೇಳಬೇಕಾಯಿತು.

ಕಡತ ಲಂಡನ್ನಿಗೆ ಹೋಯಿತು. ಆಗ ಹೆನ್ರಿ ನಿವೃತ್ತರಾಗಿ ಆಸ್ಕಟ್ ಎಂಬಲ್ಲಿ ಇದ್ದರು. 1926ರಲ್ಲಿ ಅವರು ಇಂಡಿಯಾ ಆಫೀಸಿಗೆ ಪತ್ರ ಬರೆದು, ವಿಂಗಡಣೆಯ ಪದ್ಧತಿ ರೂಪುಗೊಳ್ಳುವುದರಲ್ಲಿ ತಮ್ಮ ಸಿಬ್ಬಂದಿಯ ಪೈಕಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವರು ಹಕ್ ಎಂದು ಒಪ್ಪಿಕೊಂಡರು. ಹಕ್ ಅವರಿಗೆ 5,000 ರೂಪಾಯಿ ಗೌರವಧನ ಬಂತು. ಹೆನ್ರಿ ಪುಸ್ತಕ ಬರೆದು ಆ ಹೊತ್ತಿಗೆ ಇಪ್ಪತ್ತಾರು ವರ್ಷಗಳಾಗಿದ್ದವು. ಹೆನ್ರಿ ಅವರನ್ನು ಪೂರ್ತಿ ಕೆಟ್ಟವರೆಂದು ಬರೆದುಬಿಡುವುದು ಸುಲಭ. ಆ ಪತ್ರ ಬರೆಯದೆ ಸುಮ್ಮನಿದ್ದಿದ್ದರೂ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಕಾಲೇಜಿನಿಂದ ಪ್ರತಿಭೆಯನ್ನು ಹುಡುಕಿ ತಂದವರೂ, ಲಂಡನ್ನಿನ ವಿಜ್ಞಾನಿಯೊಡನೆ ಸೇತುವೆ ಹಾಕಿದವರೂ ಅವರೇ. ಆದರೆ 1900ರಲ್ಲಿ ಒಂದು ಸಾಲು ಬರೆದಿದ್ದರೆ 1926ರ ಪತ್ರ ಬೇಕಾಗುತ್ತಿರಲಿಲ್ಲ.

ಟೋಕಿಯೋದ ಫಾಲ್ಡ್ಸ್ ಕೂಡ ತಮಗೆ ಮೊದಲಿಗನ ಮನ್ನಣೆ ಸಿಗಲಿಲ್ಲವೆಂದು 1930ರಲ್ಲಿ ಸಾಯುವವರೆಗೂ ಜಗಳವಾಡಿದರು. ಅವರು ಪತ್ರಿಕೆಗೆ ಬರೆಯಬಹುದಿತ್ತು, ಪುಸ್ತಕ ಅಚ್ಚು ಹಾಕಿಸಬಹುದಿತ್ತು. ಆಳುವವರ ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದ ಹಕ್ ಅವರ ಕೈಯಲ್ಲಿದ್ದದ್ದು ಅರ್ಜಿ ಮಾತ್ರ.

ನಿವೃತ್ತರಾದ ಮೇಲೆ ಹಕ್ ಅವರು ಬಿಹಾರದ ಚಂಪಾರಣ್‌ನ ಮೋತಿಹಾರಿಯಲ್ಲಿ ನೆಲೆಸಿದರು. 1917ರಲ್ಲಿ ಗಾಂಧೀಜಿ ನೀಲಿ ಬೆಳೆಗಾರರ ಪರವಾಗಿ ಬಂದು ನ್ಯಾಯಾಲಯದಲ್ಲಿ ನಿಂತ ಊರು ಅದೇ. ಹಕ್ ಅವರು 1935ರಲ್ಲಿ ತೀರಿಕೊಂಡರು. ಅವರ ಸಮಾಧಿ ಮೋತಿಹಾರಿಯಲ್ಲೇ ಇದೆ.

ಮುಂದೆ ಅವರ ಹೆಸರನ್ನು ಹೊರಗೆ ತಂದದ್ದು ಮತ್ತೆ ಓದು ಬರಹದವರೇ. ದೆಹಲಿಯ ಅಧ್ಯಾಪಕರಾದ ಜಿ. ಎಸ್. ಸೋಧಿ ಮತ್ತು ಜಸ್ಜೀತ್ ಕೌರ್ ಹಳೆಯ ಕಡತಗಳನ್ನು ಹುಡುಕಿ, ಹಕ್ ಮತ್ತು ಬೋಸ್ ಇಬ್ಬರ ಪಾಲನ್ನು ವಿವರಿಸಿ ಬರೆದ ಲೇಖನ 2005ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆ ಪತ್ರಿಕೆ ಪ್ರಕಟವಾಗುವುದು ನಮ್ಮ ಬೆಂಗಳೂರಿನಿಂದ. ಬ್ರಿಟನ್ನಿನ ಬೆರಳು ಮುದ್ರೆ ತಜ್ಞರ ಸಂಘವಾದ ಫಿಂಗರ್‌ಪ್ರಿಂಟ್ ಸೊಸೈಟಿ ಈ ವಿಷಯದಲ್ಲಿ ಹೊಸ ಸಂಶೋಧನೆ ಮಾಡುವವರಿಗಾಗಿ ಒಂದು ಬಹುಮಾನ ಇಟ್ಟಿದೆ. ಆ ಬಹುಮಾನದ ಹೆಸರಿನಲ್ಲಿ ಹೆನ್ರಿ ಇಲ್ಲ. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದ್ದಾರೆ.